ಎತ್ತು ಏರಿಗೆ, ಕೋಣ ನೀರಿಗೆ: ಎದುರು ಪಾಳಯದವರ ಜೊತೆ ಒಂದೇ ಕಾಗದಕ್ಕೆ ಸಹಿ ಹಾಕುವಾಗ

2022ರ ಡಿಸೆಂಬರ್ 22ರಂದು ಸ್ಕಾಟ್ಲೆಂಡಿನ ಸಂಸತ್ತಿನಲ್ಲಿ ಒಂದು ಮಸೂದೆ 86–39 ಮತಗಳಿಂದ ಪಾಸಾಯಿತು. ಕಾನೂನಿನ ಲೆಕ್ಕದಲ್ಲಿ ಲಿಂಗ ಬದಲಾಯಿಸಿಕೊಳ್ಳುವ ದಾರಿಯನ್ನು ಸುಲಭ ಮಾಡುವ ಮಸೂದೆ ಅದು. 2004ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಇದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು, ಎರಡು ವರ್ಷ ಆ ಲಿಂಗದಲ್ಲೇ ಬದುಕಿದ್ದಕ್ಕೆ ಪುರಾವೆ ಬೇಕು, 18 ವರ್ಷ ತುಂಬಿರಬೇಕು. ಹೊಸ ಮಸೂದೆಯಲ್ಲಿ ವೈದ್ಯರ ಕಾಗದ ಬೇಡ. ಸ್ವಂತ ಘೋಷಣೆ ಸಾಕು. ವಯಸ್ಕರಾದರೆ ಮೂರು ತಿಂಗಳು ಹಾಗೆ ಬದುಕಿರಬೇಕು, ಆಮೇಲೆ ಮೂರು ತಿಂಗಳು ಯೋಚನೆಗೆ ಬಿಡಬೇಕು. ಅರ್ಜಿ ಹಾಕುವ ವಯಸ್ಸು 16ಕ್ಕೆ ಇಳಿಯಿತು.

ವಿರೋಧಿಸಿದ ಆ 39 ಜನರಲ್ಲಿ ಹೆಚ್ಚಿನವರು ಕನ್ಸರ್ವೇಟಿವ್ ಪಕ್ಷದವರು. ಅವರ ಜೊತೆ ಆಳುವ ಪಕ್ಷವಾದ ಎಸ್‌ಎನ್‌ಪಿಯ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಒಂಬತ್ತು ಸದಸ್ಯರೂ ಕೈ ಎತ್ತಿದ್ದರು. ಸದನದ ಹೊರಗೆ ನಿಂತಿದ್ದವರಲ್ಲಿ ಎಡಪಂಥದ ಸ್ತ್ರೀವಾದಿಗಳಿದ್ದರು, ಲೆಸ್ಬಿಯನ್ ಸಂಘಟನೆಗಳಿದ್ದವು, ಕಾರ್ಮಿಕ ಸಂಘಗಳಲ್ಲಿ ತಲೆ ನರೆತ ಹೆಂಗಸರಿದ್ದರು. ಜನ್ಮದಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಮತ ಹಾಕಿರದ, ಮುಂದೆ ಹಾಕುವ ಮನಸ್ಸೂ ಇಲ್ಲದ ಹೆಂಗಸರು ಅವರಲ್ಲಿ ಅನೇಕರು. ಹೆಣ್ಣುಮಕ್ಕಳಿಗೆ ಮೀಸಲಾದ ಜಾಗಗಳಿಗೆ ಇದರಿಂದ ತೊಂದರೆ ಅನ್ನುವುದು ಅವರ ಆತಂಕ. ಮಸೂದೆಯನ್ನು ಕೊನೆಗೆ ತಡೆದದ್ದು ಲಂಡನ್ನಿನ ಕನ್ಸರ್ವೇಟಿವ್ ಸರ್ಕಾರ. 2023ರ ಜನವರಿಯಲ್ಲಿ ಸ್ಕಾಟ್ಲೆಂಡ್ ಕಾಯ್ದೆಯ 35ನೇ ಸೆಕ್ಷನ್ ಬಳಸಿ ಅದು ಮಸೂದೆಯನ್ನು ನಿಲ್ಲಿಸಿತು. ಆ ಸೆಕ್ಷನ್ ಬಳಕೆಯಾದದ್ದು ಅದೇ ಮೊದಲು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. "ಆ ಕಡೆಯವರು ನಿನ್ನನ್ನು ಒಪ್ಪುತ್ತಿದ್ದಾರೆ ಅಂದರೆ ನೀನೇ ಎಲ್ಲೋ ತಪ್ಪಿದ್ದೀಯ" ಅನ್ನುವುದು ಒಂದು. "ಶತ್ರುವಿನ ಶತ್ರು ಮಿತ್ರ, ಕೆಲಸ ಆದರೆ ಸಾಕು" ಅನ್ನುವುದು ಇನ್ನೊಂದು. ಎರಡೂ ಸೋಮಾರಿ ಮಾತುಗಳು ಅಂತ ನನ್ನ ಅಭಿಪ್ರಾಯ. ಮೊದಲನೆಯದು ವಾದದ ಬದಲು ವಾದ ಮಾಡಿದವರ ಜಾತಕ ನೋಡುತ್ತದೆ. ಎರಡನೆಯದು ನಾಳೆ ಆ ಮಿತ್ರನ ಕೈಯಲ್ಲಿ ಏನು ಉಳಿಯುತ್ತದೆ ಅಂತ ನೋಡುವುದೇ ಇಲ್ಲ. ನೋಡಬೇಕಾದದ್ದು ಇಷ್ಟು: ನೀವಿಬ್ಬರೂ ಸೇರಿ ಕೇಳುತ್ತಿರುವುದು ಅಧಿಕಾರದ ಕೈ ಕಟ್ಟಿ ಹಾಕುತ್ತದೆಯೋ, ಅಧಿಕಾರಕ್ಕೆ ಹೊಸ ಕೋಲು ಕೊಡುತ್ತದೆಯೋ? ಕೈ ಕಟ್ಟುವ ಒಪ್ಪಂದಗಳು ಸಾಕಷ್ಟು ಬಾಳಿಕೆ ಬರುತ್ತವೆ. ಕೋಲು ಕೊಡುವ ಒಪ್ಪಂದದಲ್ಲಿ ಆ ಕೋಲು ಇಬ್ಬರಲ್ಲಿ ಹೆಚ್ಚು ಬಲವಿದ್ದವರ ಕೈಗೆ ಹೋಗುತ್ತದೆ. ಸ್ತ್ರೀವಾದಿಗಳು ಆ ಜೋಡಿಯಲ್ಲಿ ಬಲವಿದ್ದವರಾಗಿರುವುದು ಅಪರೂಪ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ನಾಲ್ಕು ದಶಕ ಹಳೆಯದು, ಅಮೆರಿಕದ್ದು. 1983ರಲ್ಲಿ ಸ್ತ್ರೀವಾದಿ ಲೇಖಕಿ ಆಂಡ್ರಿಯಾ ಡ್ವಾರ್ಕಿನ್ ಮತ್ತು ಕಾನೂನು ಪ್ರಾಧ್ಯಾಪಕಿ ಕ್ಯಾಥರಿನ್ ಮೆಕಿನನ್ ಮಿನಿಯಾಪೊಲಿಸ್ ನಗರಕ್ಕೆ ಒಂದು ಶಾಸನ ಬರೆದುಕೊಟ್ಟರು. ಅಶ್ಲೀಲತೆ ಅನ್ನುವ ಹಳೆಯ ನೈತಿಕ ಪದವನ್ನು ಅವರು ಬೇಕೆಂದೇ ಬಿಟ್ಟರು. ಪೋರ್ನೊಗ್ರಫಿ ಅನ್ನುವುದು ಹೆಣ್ಣನ್ನು ಅಧೀನಳಾಗಿ ತೋರಿಸುವ ಲಿಂಗ ತಾರತಮ್ಯ, ಅದರಿಂದ ಹಾನಿಯಾದ ಹೆಣ್ಣು ತಯಾರಿಸಿದವರ ಮೇಲೆ, ಮಾರಿದವರ ಮೇಲೆ ಸಿವಿಲ್ ದಾವೆ ಹೂಡಬಹುದು, ಪರಿಹಾರ ಕೇಳಬಹುದು. ಪೊಲೀಸ್ ಬೇಡ, ಜೈಲು ಬೇಡ. ಕಾಗದದ ಮೇಲೆ ಜಾಣ ಯೋಚನೆ ಅದು. ಡಿಸೆಂಬರ್ 30ರಂದು ನಗರ ಮಂಡಳಿಯಲ್ಲಿ 7–6ರಿಂದ ಪಾಸಾಯಿತು, ಒಂದು ವಾರದೊಳಗೆ ಮೇಯರ್ ಡೊನಾಲ್ಡ್ ಫ್ರೇಸರ್ ವೀಟೋ ಮಾಡಿದರು.

ಅಲ್ಲಿಂದ ಆ ಶಾಸನ ಇಂಡಿಯಾನಾಪೊಲಿಸ್‌ಗೆ ಹೋಯಿತು. ಅಲ್ಲಿನ ಮೇಯರ್ ವಿಲಿಯಂ ಹಡ್ನಟ್ ರಿಪಬ್ಲಿಕನ್, ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಪಾದ್ರಿಯಾಗಿದ್ದವರು. ಮಂಡಳಿಯಲ್ಲಿ ಮಂಡಿಸಿದ ಬ್ಯೂಲಾ ಕಫ್ನಾವರ್ ಅವರೂ ರಿಪಬ್ಲಿಕನ್. ಮಹಿಳೆಯರಿಗೆ ಸಂವಿಧಾನದಲ್ಲಿ ಸಮಾನ ಹಕ್ಕು ಬರೆಯುವ ತಿದ್ದುಪಡಿಯನ್ನು ವಿರೋಧಿಸಿದ್ದವರು! 1984ರ ಏಪ್ರಿಲ್‌ನಲ್ಲಿ ಅಲ್ಲಿ 24ಕ್ಕೆ 5 ಮತಗಳಿಂದ ಶಾಸನ ಪಾಸಾಯಿತು. ಮಿನಿಯಾಪೊಲಿಸ್‌ನಲ್ಲಿ ಒಂದೇ ಮತದ ಅಂತರ, ಇಲ್ಲಿ ಹೀಗೆ. ಸ್ಥಳೀಯ ಸ್ತ್ರೀವಾದಿ ಸಂಘಟನೆಗಳು ಈ ಪ್ರಯತ್ನದಲ್ಲಿ ಇರಲಿಲ್ಲ ಅನ್ನುವುದನ್ನು ಗಮನಿಸಬೇಕು. ಶಾಸನದ ಅಕ್ಷರ ಸ್ತ್ರೀವಾದಿಗಳದ್ದು, ಕೈಗಳು ಬೇರೆಯವರದ್ದು.

ಆಮೇಲೆ ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿಯಲ್ಲಿ ಅಕ್ಷರವೂ ಬದಲಾಯಿತು. ಅಲ್ಲಿನ ಸಂಪ್ರದಾಯವಾದಿ ಸದಸ್ಯರು ಅದೇ ಕರಡನ್ನು ತೆಗೆದುಕೊಂಡು, ಪೋರ್ನೊಗ್ರಫಿಯಿಂದ ಕುಟುಂಬ ವ್ಯವಸ್ಥೆ ಹಾಳಾಗುತ್ತದೆ ಅನ್ನುವ ಧಾಟಿಯ ಮಾತು ಸೇರಿಸಿದರು. ಹೆಣ್ಣಿನ ಸಮಾನತೆಗಾಗಿ ಶುರುವಾದ ಕಾಗದ ಕುಟುಂಬ ರಕ್ಷಣೆಯ ಕಾಗದವಾಯಿತು. ಮೂಲ ಕರಡು ಯಾರದ್ದೇ ಇರಲಿ, ತಿದ್ದುಪಡಿ ಮಂಡಿಸುವ ಹಕ್ಕು ಸದನದಲ್ಲಿ ಕುಳಿತವರದ್ದು. ಹೊರಗೆ ನಿಂತ ಕರಡುಗಾರರಿಗೆ ಅದನ್ನು ತಡೆಯುವ ದಾರಿಯೇ ಇಲ್ಲ.

ಇಂಡಿಯಾನಾಪೊಲಿಸ್ ಶಾಸನವನ್ನು ಪುಸ್ತಕ ಮಾರಾಟಗಾರರ ಸಂಘ ಪ್ರಶ್ನಿಸಿತು. ಆ ಮೊಕದ್ದಮೆಯಲ್ಲಿ ಸ್ತ್ರೀವಾದಿಗಳೇ ಎರಡು ಭಾಗವಾದರು. ಸ್ತ್ರೀವಾದಿ ವಕೀಲರಾದ ನ್ಯಾನ್ ಹಂಟರ್ ಮತ್ತು ಸಿಲ್ವಿಯಾ ಲಾ ಬರೆದ ಮನವಿಗೆ ಹೆಸರಾಂತ ಸ್ತ್ರೀವಾದಿ ಲೇಖಕಿಯರಾದ ಬೆಟ್ಟಿ ಫ್ರೀಡನ್, ಕೇಟ್ ಮಿಲೆಟ್, ಏಡ್ರಿಯನ್ ರಿಚ್ ಸಹಿ ಹಾಕಿದರು. ಈ ಶಾಸನ ಹೆಣ್ಣನ್ನು ಸದಾ ಬಲಿಪಶುವಾಗಿ ಕಾಣುತ್ತದೆ, ಅವಳ ಮಾತಿನ ಮೇಲೇ ತಿರುಗುತ್ತದೆ ಅನ್ನುವುದು ಅವರ ವಾದ. ಹೀಗೆ ಅವರು ನಿಂತದ್ದು ಪ್ರಕಾಶನ ಉದ್ಯಮದ ಪಕ್ಕದಲ್ಲಿ. ಅದೂ ವಿಚಿತ್ರ ಜೋಡಿಯೇ. 1985ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶ ಫ್ರಾಂಕ್ ಈಸ್ಟರ್‌ಬ್ರೂಕ್ ಶಾಸನವನ್ನು ರದ್ದು ಮಾಡಿದರು. ಅವರು ರೇಗನ್ ನೇಮಿಸಿದ ಸಂಪ್ರದಾಯವಾದಿ. ತೀರ್ಪು ಓದುವಾಗ ಒಂದು ಜಾಗದಲ್ಲಿ ನಿಲ್ಲಬೇಕಾಗುತ್ತದೆ. ಇಂಥ ಚಿತ್ರಣ ಹೆಣ್ಣನ್ನು ಅಧೀನಳಾಗಿ ಇಡಲು ಕಾರಣವಾಗುತ್ತದೆ ಅನ್ನುವ ವಾದವನ್ನು ಅವರು ಅಲ್ಲಗಳೆಯುವುದಿಲ್ಲ, ಒಪ್ಪಿಕೊಂಡೇ ಮುಂದೆ ಹೋಗುತ್ತಾರೆ. ಹಾಗಾದರೆ ಅದು ಮಾತಿನ ಶಕ್ತಿಯನ್ನು ತೋರಿಸುತ್ತದೆ, ಯಾವ ದೃಷ್ಟಿಕೋನ ಸರಿ ಅಂತ ಸರ್ಕಾರ ಆರಿಸುವ ಹಾಗಿಲ್ಲ ಅನ್ನುವುದು ಅವರ ತರ್ಕ. 1986ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು.

ಅಮೆರಿಕದಲ್ಲಿ ಸೋತ ವಾದ ಕೆನಡಾದಲ್ಲಿ ಗೆದ್ದಿತು. 1992ರ ಫೆಬ್ರವರಿ 27ರ ಬಟ್ಲರ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಶ್ಲೀಲತೆಯನ್ನು ಅಳೆಯಲು ಹೆಣ್ಣಿಗೆ ಆಗುವ ಹಾನಿಯೇ ಅಳತೆ ಅಂದಿತು. ಸ್ತ್ರೀವಾದಿ ವಕೀಲರು ಕೇಳಿದ್ದೂ ಅದನ್ನೇ. ಸುಮಾರು ಎರಡು ತಿಂಗಳಾಗಿತ್ತು. ಟೊರಾಂಟೊ ಪೊಲೀಸರು ಗ್ಲ್ಯಾಡ್ ಡೇ ಅನ್ನುವ ಸಲಿಂಗಿಗಳ ಪುಸ್ತಕದಂಗಡಿಗೆ ಹೋಗಿ "ಬ್ಯಾಡ್ ಆ್ಯಟಿಟ್ಯೂಡ್" ಪತ್ರಿಕೆಯನ್ನು ವಶಪಡಿಸಿಕೊಂಡರು. ಲೆಸ್ಬಿಯನ್ ಮಹಿಳೆಯರು ಲೆಸ್ಬಿಯನ್ ಮಹಿಳೆಯರಿಗಾಗಿ ತರುತ್ತಿದ್ದ ಪತ್ರಿಕೆ ಅದು. ಗಂಡಸರಿಗಾಗಿ ಗಂಡಸರು ನಡೆಸುವ ದೊಡ್ಡ ಉದ್ಯಮವನ್ನು ಮುಟ್ಟಲೆಂದು ಕೇಳಿದ ಅಳತೆಗೋಲು ಮೊದಲು ಹೋಗಿ ಮುಟ್ಟಿದ್ದು ಒಂದು ಚಿಕ್ಕ ಅಂಗಡಿಯ ಕಪಾಟನ್ನು. ಪೊಲೀಸರಿಗೆ, ಕಸ್ಟಮ್ಸಿನವರಿಗೆ ಮೊದಲಿನಿಂದ ಕಣ್ಣು ಇದ್ದದ್ದೇ ಆ ಅಂಗಡಿಗಳ ಮೇಲೆ. ಹೊಸ ತೀರ್ಪು ಅವರಿಗೆ ಹೊಸ ಕಾರಣ ಕೊಟ್ಟಿತು, ಹೊಸ ಕಣ್ಣು ಕೊಡಲಿಲ್ಲ. ವ್ಯಾಂಕೂವರಿನ ಲಿಟಲ್ ಸಿಸ್ಟರ್ಸ್ ಅಂಗಡಿ ಕಸ್ಟಮ್ಸ್ ವಿರುದ್ಧ ಹೋರಾಡಿ 2000ದ ಡಿಸೆಂಬರ್‌ವರೆಗೆ ಕೋರ್ಟು ಹತ್ತಬೇಕಾಯಿತು.

ಈಗ ಇದರ ಪಕ್ಕದಲ್ಲಿ ಮಾಯಾ ಫೋರ್‌ಸ್ಟೇಟರ್ ಮೊಕದ್ದಮೆ ಇಟ್ಟು ನೋಡಿ. ತೆರಿಗೆ ನೀತಿಯ ಸಂಶೋಧಕಿ ಆಕೆ. ಮನುಷ್ಯನ ಜೈವಿಕ ಲಿಂಗ ಬದಲಾಗುವುದಿಲ್ಲ, ಅದು ಮುಖ್ಯವಾದದ್ದು ಅಂತ ಟ್ವಿಟರ್‌ನಲ್ಲಿ ಬರೆದ ಮೇಲೆ 2019ರಲ್ಲಿ ಆಕೆಯ ಗುತ್ತಿಗೆ ಮುಂದುವರಿಯಲಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಲ್ಲಿ ಧರ್ಮಕ್ಕೆ ಇರುವ ರಕ್ಷಣೆ ತಾತ್ವಿಕ ನಂಬಿಕೆಗೂ ಇದೆ. ಯಾವುದು ಅಂಥ ನಂಬಿಕೆ ಅನ್ನುವುದಕ್ಕೆ 2009ರ ಗ್ರೇಂಜರ್ ಮೊಕದ್ದಮೆಯಲ್ಲಿ ಐದು ಪರೀಕ್ಷೆ ಇಟ್ಟಿದ್ದರು. ಆ ಮೊಕದ್ದಮೆ ಹವಾಮಾನ ಬದಲಾವಣೆಯ ಬಗ್ಗೆ ಆಳವಾದ ನಂಬಿಕೆಯಿದ್ದ ಉದ್ಯೋಗಿಯೊಬ್ಬರದ್ದು. ನಂಬಿಕೆ ಪ್ರಾಮಾಣಿಕವಾಗಿರಬೇಕು. ಇವತ್ತು ಸಿಕ್ಕ ಮಾಹಿತಿಯ ಮೇಲೆ ನಿಂತ ಬರೀ ಅಭಿಪ್ರಾಯವಾಗಿರಬಾರದು. ಬದುಕಿನ ತೂಕದ ವಿಷಯಕ್ಕೆ ಸಂಬಂಧಿಸಿರಬೇಕು. ಅದರಲ್ಲಿ ಒಂದು ಮಟ್ಟದ ಗಾಂಭೀರ್ಯ, ಹೊಂದಾಣಿಕೆ ಇರಬೇಕು. ಐದನೆಯದೇ ತಕರಾರಿನದ್ದು: ಪ್ರಜಾಪ್ರಭುತ್ವದ ಸಮಾಜದಲ್ಲಿ ಗೌರವಕ್ಕೆ ಯೋಗ್ಯವಾಗಿರಬೇಕು, ಮನುಷ್ಯ ಘನತೆಗೆ ವಿರುದ್ಧವಾಗಿರಬಾರದು, ಇತರರ ಮೂಲಭೂತ ಹಕ್ಕಿಗೆ ಅಡ್ಡ ಬರಬಾರದು.

2019ರ ಡಿಸೆಂಬರ್‌ನಲ್ಲಿ ಉದ್ಯೋಗ ನ್ಯಾಯಮಂಡಳಿ ಆಕೆಯ ನಂಬಿಕೆ ಈ ಐದನೆಯದರಲ್ಲಿ ಫೇಲಾಗುತ್ತದೆ ಅಂದಿತು. 2021ರ ಜೂನ್ 10ರಂದು ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿತು. ಐದನೇ ಪರೀಕ್ಷೆಯಲ್ಲಿ ಹೊರಗೆ ಬೀಳಬೇಕಾದದ್ದು ನಾಜಿವಾದ, ಸರ್ವಾಧಿಕಾರವಾದದಂಥ ಹಕ್ಕುಗಳನ್ನೇ ನಾಶ ಮಾಡುವ ನಂಬಿಕೆ ಮಾತ್ರ. ಕೆಲವರಿಗೆ ನೋವು ತರುತ್ತದೆ ಅನ್ನುವ ಕಾರಣಕ್ಕೆ ನಂಬಿಕೆಯೊಂದು ಕಾನೂನಿನ ಹೊರಗೆ ಬೀಳುವುದಿಲ್ಲ. ಈ ಹಂತದಲ್ಲಿ ಮಾತಿನ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ ಇಂಡೆಕ್ಸ್ ಆನ್ ಸೆನ್ಸಾರ್‌ಶಿಪ್ ಸಂಸ್ಥೆ ಆಕೆಯ ಪರ ವಾದಿಸಿತ್ತು. 2022ರ ಜುಲೈನಲ್ಲಿ ತಾರತಮ್ಯ ನಡೆದಿದೆ ಅಂತ ತೀರ್ಪಾಯಿತು, 2023ರಲ್ಲಿ ಒಂದು ಲಕ್ಷ ಪೌಂಡ್ ಮೀರಿದ ಪರಿಹಾರ ಸಿಕ್ಕಿತು.

ತೀರ್ಪನ್ನು ಪೂರ್ತಿ ಓದದವರು ಬಿಟ್ಟುಬಿಡುವ ಭಾಗ ಒಂದಿದೆ. ಇಂಥ ನಂಬಿಕೆ ಇದ್ದವರು ಟ್ರಾನ್ಸ್ ಜನರನ್ನು (ಹುಟ್ಟಿನ ಲಿಂಗ ಬಿಟ್ಟು ಬೇರೆ ಲಿಂಗದಲ್ಲಿ ತಮ್ಮನ್ನು ಗುರುತಿಸಿಕೊಳ್ಳುವವರನ್ನು) ಬೇಕಾದ ಹಾಗೆ ತಪ್ಪು ಲಿಂಗದಲ್ಲಿ ಕರೆದು ದಕ್ಕಿಸಿಕೊಳ್ಳಬಹುದು ಅಂತ ಇದರ ಅರ್ಥವಲ್ಲ ಅಂತ ನ್ಯಾಯಾಧೀಶರು ಬಿಡಿಸಿ ಬರೆದಿದ್ದಾರೆ. ಟ್ರಾನ್ಸ್ ಉದ್ಯೋಗಿಗೆ ಕಿರುಕುಳದ ವಿರುದ್ಧ ಇರುವ ರಕ್ಷಣೆ ಹಾಗೇ ಉಳಿಯುತ್ತದೆ, ಕಚೇರಿಯ ಮಾಲೀಕರ ಹೊಣೆಯೂ ಉಳಿಯುತ್ತದೆ. ನಂಬಿಕೆ ಒಂದು, ನಡವಳಿಕೆ ಇನ್ನೊಂದು. 2022ರಲ್ಲೇ ಮ್ಯಾಕರೆತ್ ಅನ್ನುವ ಕ್ರೈಸ್ತ ವೈದ್ಯರು ಈ ಗೆರೆಗೆ ತಾಗಿ ಸೋತರು. ಅವರ ನಂಬಿಕೆಗೆ ರಕ್ಷಣೆ ಇದೆ ಅಂದ ಮಂಡಳಿ, ಸೇವೆ ಕೇಳಿ ಬಂದ ಟ್ರಾನ್ಸ್ ವ್ಯಕ್ತಿಯನ್ನು ಅವರು ಬಯಸಿದ ಸರ್ವನಾಮದಲ್ಲಿ ಕರೆಯಲಾರೆ ಅನ್ನುವುದಕ್ಕೆ ಆ ರಕ್ಷಣೆ ದಕ್ಕುವುದಿಲ್ಲ ಅಂದಿತು.

ಹಾಗಾದರೆ ಫೋರ್‌ಸ್ಟೇಟರ್ ತೆರೆದ ಬಾಗಿಲಲ್ಲಿ ಆಮೇಲೆ ಯಾರು ಯಾರು ಒಳಗೆ ಬಂದರು? ಇದೇ ನಿಜವಾದ ಪರೀಕ್ಷೆ. 2024ರ ಜನವರಿಯಲ್ಲಿ ಫೋರ್‌ಸ್ಟೇಟರ್ ಅವರಂಥದ್ದೇ ನಂಬಿಕೆಯಿದ್ದ ಅಪರಾಧಶಾಸ್ತ್ರದ ಪ್ರಾಧ್ಯಾಪಕಿ ಜೋ ಫೀನಿಕ್ಸ್ ಗೆದ್ದರು. ಅದೇ ವರ್ಷ ಫೆಬ್ರವರಿಯಲ್ಲಿ, ಇಸ್ರೇಲ್ ಬಗೆಗಿನ ಮಾತಿಗಾಗಿ ಕೆಲಸ ಹೋಗಿದ್ದ ಸಮಾಜಶಾಸ್ತ್ರದ ಪ್ರಾಧ್ಯಾಪಕ ಡೇವಿಡ್ ಮಿಲ್ಲರ್ ಅವರ ಜಿಯೋನಿಸಂ (ಯಹೂದಿ ರಾಷ್ಟ್ರವಾದ) ವಿರೋಧಿ ನಂಬಿಕೆಯೂ ಇದೇ ಐದು ಪರೀಕ್ಷೆ ದಾಟಿತು. ಅವರ ಕೆಲವು ಮಾತುಗಳನ್ನು ನಾನು ಸಮರ್ಥಿಸುವುದಿಲ್ಲ. ಮಂಡಳಿಯೂ ಅವರ ನಡವಳಿಕೆಯನ್ನು ಲೆಕ್ಕಕ್ಕೆ ಹಿಡಿದು ಪರಿಹಾರ ಅರ್ಧ ಕಡಿತ ಮಾಡಿತು. 2025ರ ಫೆಬ್ರವರಿಯಲ್ಲಿ, ತಮ್ಮ ನಂಬಿಕೆಯ ಮಾತಿಗಾಗಿ ಕೆಲಸ ಕಳೆದುಕೊಂಡಿದ್ದ ಶಾಲಾ ಸಿಬ್ಬಂದಿ ಕ್ರಿಸ್ಟಿ ಹಿಗ್ಸ್ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದರು. ಅವರು ಸಂಪ್ರದಾಯಸ್ಥ ಕ್ರೈಸ್ತರು. ಸ್ತ್ರೀವಾದಿ, ಪ್ಯಾಲೆಸ್ಟೀನ್ ಪರ ಪ್ರಾಧ್ಯಾಪಕ, ಚರ್ಚಿಗೆ ಹೋಗುವ ಶಾಲಾ ಉದ್ಯೋಗಿ ಮೂವರೂ ಒಂದೇ ಚಿಲಕ ತಿರುಗಿಸಿದರು. ನಾಳೆ ಲಿಂಗತ್ವ ಅನ್ನುವುದು ಮನಸ್ಸಿನೊಳಗಿನ ಸತ್ಯ ಅಂತ ನಂಬುವ ಉದ್ಯೋಗಿಯನ್ನು ಆ ನಂಬಿಕೆಗಾಗಿ ಮನೆಗೆ ಕಳಿಸಿದರೆ ಅವರೂ ಅದೇ ಚಿಲಕ ತಿರುಗಿಸಬಹುದು. ಕೈ ಕಟ್ಟುವ ಒಪ್ಪಂದ ಅಂತ ನಾನು ಕರೆಯುವುದು ಇದನ್ನು.

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ, ಅದರಲ್ಲಿ ಕರ್ನಾಟಕದ ಒಂದು ಎಳೆಯೂ ಇದೆ. ಇಂಟರ್ನೆಟ್‌ನಲ್ಲಿ ಆಕ್ಷೇಪಾರ್ಹ ಮಾತು ಬರೆದವರನ್ನು ಜೈಲಿಗೆ ಕಳಿಸಬಹುದಾಗಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಇದ್ದರು, ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಇತ್ತು, ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ, ಮುಂದೆ ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾದ ರಾಜೀವ್ ಚಂದ್ರಶೇಖರ್ ಕೂಡ ಇದ್ದರು. 2015ರ ಮಾರ್ಚ್ 24ರಂದು ಆ ಸೆಕ್ಷನ್ ಬಿದ್ದುಹೋಯಿತು. ಚರ್ಚೆ, ಸಮರ್ಥನೆ, ಪ್ರಚೋದನೆ ಅಂತ ನ್ಯಾಯಮೂರ್ತಿ ನಾರಿಮನ್ ಮೂರು ಮೆಟ್ಟಿಲು ಮಾಡಿ, ಮೂರನೆಯದಕ್ಕೆ ತಲುಪಿದಾಗ ಮಾತ್ರ ಕಾನೂನು ಕೈ ಹಾಕಬಹುದು ಅಂದರು. ಅರ್ಜಿದಾರರು ಒಬ್ಬರನ್ನೊಬ್ಬರು ಒಪ್ಪಬೇಕಾದ ಅಗತ್ಯವೇ ಬರಲಿಲ್ಲ. ಒಂದು ಸೆಕ್ಷನ್ ಹೋಗಬೇಕು ಅನ್ನುವುದರ ಆಚೆ ಅವರು ಯಾವ ಮಾತಿಗೂ ಕಟ್ಟುಬಿದ್ದಿರಲಿಲ್ಲ.

ಕೋಲು ಕೊಡುವ ಕಥೆಯೂ ನಮ್ಮಲ್ಲೇ ಇದೆ. ಏಕರೂಪ ನಾಗರಿಕ ಸಂಹಿತೆ ಬೇಕು ಅಂತ ದಶಕಗಳ ಕಾಲ ಕೇಳಿದ್ದು ಮಹಿಳಾ ಸಂಘಟನೆಗಳು. 1985ರ ಶಾಬಾನು ತೀರ್ಪಿನ ನಂತರ ಆ ಘೋಷಣೆಯನ್ನು ಹಿಂದುತ್ವ ರಾಜಕಾರಣ ಎತ್ತಿಕೊಂಡಿತು. 90ರ ದಶಕದ ಹೊತ್ತಿಗೆ ಅದೇ ಸಂಘಟನೆಗಳಲ್ಲಿ ಅನೇಕವು ಆ ಪದವನ್ನೇ ಬಿಟ್ಟು, ಎಲ್ಲಾ ವೈಯಕ್ತಿಕ ಕಾನೂನುಗಳಲ್ಲೂ ಹೆಣ್ಣಿಗೆ ಸಮಾನ ಹಕ್ಕು ಅಂತ ಬೇಡಿಕೆಯನ್ನು ಹೊಸದಾಗಿ ಬರೆದುಕೊಂಡವು. ಪದವನ್ನು ಬಿಟ್ಟುಕೊಟ್ಟದ್ದು ಹೇಡಿತನ ಅಂತ ಕೆಲವರು ಅನ್ನುತ್ತಾರೆ. ನನಗೆ ಅದು ಲೆಕ್ಕ ಗೊತ್ತಿದ್ದವರ ಕೆಲಸವಾಗಿ ಕಾಣುತ್ತದೆ. ಕರಡು ಬರೆಯುವ ಪೆನ್ನು ಯಾರ ಕೈಯಲ್ಲಿದೆ ಅಂತ ಅವರು ನೋಡಿದ್ದರು.

ಪೊಲೀಸರ ಕೈಗೆ ಕೊಡುವ ಅಧಿಕಾರದ ಬಗ್ಗೆಯಂತೂ ನಾವು ಕನ್ನಡಿಗರು ಎರಡು ಸಲ ಯೋಚಿಸಬೇಕು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನುವ ಸೆಕ್ಷನ್ ಸೇರಿತು. ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಅನುಮಾನ ಬಂದವರ ಹೆಸರು, ವಿಳಾಸದ ಪಟ್ಟಿ ಇಡಲು ಅದು ಪೊಲೀಸರಿಗೆ ಅವಕಾಶ ಕೊಟ್ಟಿತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿದ್ದ ಯೋಚನೆಯೇ ನೂರ ನಲವತ್ತು ವರ್ಷದ ಮೇಲೆ ಬೆಂಗಳೂರಿನಲ್ಲಿ ಮರಳಿ ಬಂದದ್ದು. ಹೆಣ್ಣುಮಕ್ಕಳ ಅಥವಾ ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಯಾರಾದರೂ ಪಟ್ಟಿ, ನೋಂದಣಿ, ತಪಾಸಣೆ ಅನ್ನುವ ಪದ ಬಳಸಿದರೆ ಆ ಕಾಗದಕ್ಕೆ ಸಹಿ ಹಾಕಬೇಡಿ. ನಿಮ್ಮ ಸ್ತ್ರೀವಾದ ಯಾವ ಪಂಗಡದ್ದೇ ಆಗಿರಲಿ.

ಇನ್ನು ಕೆಲಸದ ವಿವರಕ್ಕೆ ಬರುತ್ತೇನೆ. ಎದುರು ಪಾಳಯದವರ ಜೊತೆ ಸೇರಿ ಒಂದು ಹೇಳಿಕೆ ಹೊರಡಿಸಬೇಕಾಗಿ ಬಂದರೆ ಮೊದಲು ಒಪ್ಪಿಗೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ. "ಮಹಿಳೆಯರ ಹಕ್ಕು ಕಾಪಾಡಬೇಕು" ಅನ್ನುವಂಥದ್ದು ನಡೆಯುವುದಿಲ್ಲ. ಅದರಲ್ಲಿ ಯಾರು ಏನು ಮಾಡಬೇಕು ಅನ್ನುವುದೇ ಇಲ್ಲ, ಮೂರು ತಿಂಗಳಲ್ಲಿ ಇಬ್ಬರೂ ಅದಕ್ಕೆ ತಮ್ಮ ತಮ್ಮ ಅರ್ಥ ಹಚ್ಚುತ್ತಾರೆ. "ಕಾನೂನು ಮೀರದ ಅಭಿಪ್ರಾಯಕ್ಕಾಗಿ ಯಾವ ವಿಶ್ವವಿದ್ಯಾಲಯವೂ ಅಧ್ಯಾಪಕರನ್ನು ಕೆಲಸದಿಂದ ತೆಗೆಯಬಾರದು" ಅನ್ನುವುದು ನಡೆಯುತ್ತದೆ. ಕರ್ತೃ ಇದ್ದಾನೆ, ಕ್ರಿಯೆ ಇದೆ, ಮಿತಿ ಇದೆ.

ಆಮೇಲೆ ಆ ವಾಕ್ಯದಲ್ಲಿ ಜನರನ್ನು ಅದಲು ಬದಲು ಮಾಡಿ ಗಟ್ಟಿಯಾಗಿ ಓದಿ, ಎರಡೂ ಕಡೆಯವರು ಕುಳಿತಿರುವಾಗಲೇ. ಸ್ತ್ರೀವಾದಿ ಅಧ್ಯಾಪಕಿ ಇದ್ದ ಜಾಗದಲ್ಲಿ ಟ್ರಾನ್ಸ್ ಹಕ್ಕುಗಳ ಪರ ಕಟುವಾಗಿ ಮಾತಾಡುವ ಅಧ್ಯಾಪಕರನ್ನು ಇಡಿ. ಎದುರಿನವರು ಆಗಲೂ ತಲೆ ಆಡಿಸಿದರೆ ಮುಂದೆ ಹೋಗಿ. "ಅದು ಬೇರೆ ವಿಷಯ" ಅಂದರೆ ಅಲ್ಲಿಗೇ ಎದ್ದು ಬನ್ನಿ. ಅಮೆರಿಕದಲ್ಲಿ ಈ ಪರೀಕ್ಷೆಯಲ್ಲಿ ಸೋತವರು ಬಹಳ. ಸರ್ವನಾಮದ ವಿಷಯದಲ್ಲಿ ಅಧ್ಯಾಪಕರ ಮಾತಿನ ಸ್ವಾತಂತ್ರ್ಯ ಅಂತ ಕೂಗಿದ ರಾಜಕಾರಣವೇ 2022ರಲ್ಲಿ ಫ್ಲಾರಿಡಾದಲ್ಲಿ ಜನಾಂಗ ಮತ್ತು ಲಿಂಗದ ಬಗ್ಗೆ ಅಧ್ಯಾಪಕರು ತರಗತಿಯಲ್ಲಿ ಏನು ಹೇಳಬಾರದು ಅಂತ ಕಾನೂನು ಮಾಡಿತು, 2023ರಲ್ಲಿ ಟೆನೆಸಿಯಲ್ಲಿ ಡ್ರ್ಯಾಗ್ ಪ್ರದರ್ಶನಕ್ಕೆ ಬೇಲಿ ಹಾಕಿತು. ಫ್ಲಾರಿಡಾದ ಕಾನೂನು ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವುದನ್ನು 2022ರ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶ ಮಾರ್ಕ್ ವಾಕರ್ ತಡೆದರು.

ಹಣ ಬೇಡ. ಇದರಲ್ಲಿ ರಾಜಿಯೇ ಇಲ್ಲ. 2017ರ ಜನವರಿಯಲ್ಲಿ ಅಮೆರಿಕದ ವಿಮೆನ್ಸ್ ಲಿಬರೇಷನ್ ಫ್ರಂಟ್ ಅನ್ನುವ ರ‍್ಯಾಡಿಕಲ್ ಸ್ತ್ರೀವಾದಿ ಗುಂಪು ಶಾಲೆಯಲ್ಲಿ ಹುಡುಗರ ಶೌಚಾಲಯ ಬಳಸಲು ಬಿಡಿ ಅಂತ ಟ್ರಾನ್ಸ್ ವಿದ್ಯಾರ್ಥಿ ಗ್ಯಾವಿನ್ ಗ್ರಿಮ್ ಹೂಡಿದ ಮೊಕದ್ದಮೆಯಲ್ಲಿ ಫ್ಯಾಮಿಲಿ ಪಾಲಿಸಿ ಅಲಯನ್ಸ್ ಅನ್ನುವ ಕ್ರೈಸ್ತ ಬಲಪಂಥೀಯ ಸಂಘಟನೆಯ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿತು. ಆ ಕಾಲದಲ್ಲೇ ಈ ಸ್ತ್ರೀವಾದಿ ಗುಂಪು ಅಲಯನ್ಸ್ ಡಿಫೆಂಡಿಂಗ್ ಫ್ರೀಡಂ ಅನ್ನುವ ಕ್ರೈಸ್ತ ಬಲಪಂಥೀಯ ವಕೀಲರ ಸಂಸ್ಥೆಯಿಂದ 15,000 ಡಾಲರ್ ಪಡೆದಿತ್ತು. ಹದಿನೈದು ವಾರದ ನಂತರದ ಗರ್ಭಪಾತ ನಿಷೇಧಿಸಿದ ಮಿಸಿಸಿಪ್ಪಿ ಕಾನೂನಿನ ಕರಡು ತಯಾರಿಯಲ್ಲಿ ನೆರವಾದದ್ದು ಇದೇ ಅಲಯನ್ಸ್ ಡಿಫೆಂಡಿಂಗ್ ಫ್ರೀಡಂ. 2022ರ ಜೂನ್ 24ರಂದು ಗರ್ಭಪಾತದ ಸಾಂವಿಧಾನಿಕ ಹಕ್ಕು ಬಿದ್ದದ್ದು ಆ ಕಾನೂನಿನ ಮೊಕದ್ದಮೆಯಲ್ಲಿ. 15,000 ಡಾಲರ್‌ನಿಂದ ಆ ತೀರ್ಪು ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಹಣ ಪಡೆದ ಸ್ತ್ರೀವಾದಿ ಗುಂಪು ಗರ್ಭಪಾತದ ಬಗ್ಗೆ ಏನೇ ಅಂದರೂ ಕೇಳುವವರ ಕಿವಿಗೆ ಬೀಳುವುದು ಆ ಚೆಕ್ಕಿನ ಸದ್ದು. ಒಟ್ಟಿಗೆ ಸಹಿ ಹಾಕಲೇಬೇಕಾದರೆ ಬೇರೆ ಬೇರೆ ಮನವಿ ಸಲ್ಲಿಸಿ. ಕೋರ್ಟು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಹಂಟರ್ ಮತ್ತು ಲಾ ಅವರು ಪುಸ್ತಕ ವ್ಯಾಪಾರಿಗಳ ಅರ್ಜಿಗೆ ಹೆಸರು ಸೇರಿಸದೆ ತಮ್ಮದೇ ಕಾರಣ ಬರೆದು ತಮ್ಮದೇ ಮನವಿ ಕೊಟ್ಟದ್ದು ಇದಕ್ಕೇ ಒಳ್ಳೆಯ ಮಾದರಿ.

ವೇದಿಕೆಯ ಕಷ್ಟ ಬೇರೆ. ಕರೆಯದವರೂ ಬರುತ್ತಾರೆ. 2023ರ ಮಾರ್ಚ್ 18ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ಲಿಂಗ ಬದಲಾವಣೆಯ ಕಾನೂನುಗಳನ್ನು ವಿರೋಧಿಸುವ ಬ್ರಿಟಿಷ್ ಹೋರಾಟಗಾರ್ತಿ ಕೆಲ್ಲಿ-ಜೇ ಕೀನ್ ನಡೆಸಿದ ಸಭೆಯ ಹೊತ್ತಿಗೆ ನವನಾಜಿ ಗುಂಪೊಂದು ವಿಕ್ಟೋರಿಯಾ ಸಂಸತ್ತಿನ ಮೆಟ್ಟಿಲ ಮೇಲೆ ನಿಂತು ನಾಜಿ ಸೆಲ್ಯೂಟ್ ಹೊಡೆಯಿತು. ಸಭೆಯಲ್ಲಿ ಮಾತಾಡಿದ್ದ ಶಾಸಕಿ ಮೊಯ್ರಾ ಡೀಮಿಂಗ್ ಅವರನ್ನು ಲಿಬರಲ್ ಪಕ್ಷ ಮೊದಲು ಅಮಾನತು ಮಾಡಿ, ಮೇ ತಿಂಗಳಲ್ಲಿ ಸಂಸದೀಯ ಪಕ್ಷದಿಂದ ಹೊರಹಾಕಿತು. ಪಕ್ಷದ ನಾಯಕರ ಮೇಲೆ ಆಕೆ ಮಾನನಷ್ಟ ಮೊಕದ್ದಮೆ ಹೂಡಿ, 2024ರ ಡಿಸೆಂಬರ್‌ನಲ್ಲಿ 3 ಲಕ್ಷ ಆಸ್ಟ್ರೇಲಿಯನ್ ಡಾಲರ್ ಪರಿಹಾರ ಪಡೆದರು. ಆಕೆಗೆ ನ್ಯಾಯ ಸಿಗಲು ಇಪ್ಪತ್ತೊಂದು ತಿಂಗಳು ಬೇಕಾಯಿತು, ಫೋಟೋ ಹರಡಲು ಒಂದು ಮಧ್ಯಾಹ್ನ ಸಾಕಾಯಿತು. ಬಯಲಿನಲ್ಲಿ ಸಭೆ ಮಾಡುವವರು ಇದಕ್ಕೆ ಮೊದಲೇ ಸಿದ್ಧವಿರಬೇಕು. ಅಂಥ ಗುಂಪು ಕಾಣಿಸಿದ ಕೂಡಲೇ ಮೈಕಿನಲ್ಲಿ ಹೆಸರು ಹಿಡಿದು ಖಂಡಿಸುವುದು ಯಾರು, ಸಭೆ ನಿಲ್ಲಿಸುವ ನಿರ್ಧಾರ ಯಾರದ್ದು ಅಂತ ಹಿಂದಿನ ದಿನವೇ ಬರೆದಿಟ್ಟಿರಬೇಕು. ಮರುದಿನ ಕೊಟ್ಟ ಸ್ಪಷ್ಟನೆಯನ್ನು ಯಾರೂ ಓದುವುದಿಲ್ಲ.

ಎಲ್ಲಕ್ಕಿಂತ ಮೆಲ್ಲಗೆ ನಡೆಯುವ ಕೆಡುಕು ಭಾಷೆಯದ್ದು. ಶುರುವಿನಲ್ಲಿ ಮಾತು ನಿರ್ದಿಷ್ಟವಾಗಿರುತ್ತದೆ: ಜೈಲಿನ ಮಹಿಳಾ ವಿಭಾಗಕ್ಕೆ ಯಾರನ್ನು ಹಾಕಬೇಕು, ಅತ್ಯಾಚಾರ ಸಂತ್ರಸ್ತೆಯರ ಆಶ್ರಯತಾಣದ ನಿಯಮ ಏನು, ಓಟದ ಪಂದ್ಯದ ವರ್ಗ ಹೇಗೆ. ಇವು ಪ್ರಾಮಾಣಿಕವಾಗಿ ಚರ್ಚಿಸಬೇಕಾದ ಪ್ರಶ್ನೆಗಳು, ಇವನ್ನು ಎತ್ತಿದ ಹೆಂಗಸರ ಬಾಯಿ ಮುಚ್ಚಿಸಿದ್ದು ತಪ್ಪು ಅಂತ ನಾನು ಖಚಿತವಾಗಿ ನಂಬುತ್ತೇನೆ. ಆದರೆ ಹೊಸ ಸಂಗಡಿಗರ ಚಪ್ಪಾಳೆ ಬೀಳುವುದು ಬೇರೆ ಮಾತಿಗೆ. ಆರು ತಿಂಗಳಲ್ಲಿ "ಈ ನಿಯಮ ಸರಿಯಿಲ್ಲ" ಅನ್ನುವುದು "ಇವರು ಇಂಥವರು" ಅಂತ ಆಗಿರುತ್ತದೆ, ಟ್ರಾನ್ಸ್ ಜನ ಅಂದರೆ ಒಂದು ಅಪಾಯ ಅನ್ನುವ ಹಾಗೆ. ನಿಮ್ಮ ಒಂದು ವರ್ಷದ ಹಿಂದಿನ ಬರಹವನ್ನೂ ಇವತ್ತಿನದನ್ನೂ ಪಕ್ಕ ಪಕ್ಕ ಇಟ್ಟು, "ನಿಯಮ", "ಸೆಕ್ಷನ್", "ಸಂಸ್ಥೆ" ಅನ್ನುವ ಪದ ಎಷ್ಟಿವೆ, "ಅವರು", "ಇಂಥವರು" ಎಷ್ಟಿವೆ ಅಂತ ಎಣಿಸಿ. ಐದು ನಿಮಿಷದ ಕೆಲಸ, ತಪ್ಪದೆ ಸತ್ಯ ಹೇಳುತ್ತದೆ.

2025ರ ಏಪ್ರಿಲ್ 16ರ ಬ್ರಿಟಿಷ್ ಸುಪ್ರೀಂ ಕೋರ್ಟ್ ತೀರ್ಪು ಈ ವಿಷಯದಲ್ಲಿ ಭಾಷೆಯ ಪಾಠವೂ ಹೌದು. ಸಮಾನತಾ ಕಾಯ್ದೆಯಲ್ಲಿ ಮಹಿಳೆ ಅಂದರೆ ಜೈವಿಕ ಲಿಂಗದ ಅರ್ಥ ಅಂತ ಐವರು ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಮೊಕದ್ದಮೆ ಹೂಡಿದ್ದ ಸ್ಕಾಟ್ಲೆಂಡಿನ ಮಹಿಳಾ ಸಂಘಟನೆ ಫಾರ್ ವಿಮೆನ್ ಸ್ಕಾಟ್ಲೆಂಡ್ ಗೆದ್ದಿತು. ತೀರ್ಪಿನ ಸಾರ ಓದಿದ ಲಾರ್ಡ್ ಹಾಡ್ಜ್, ಇದನ್ನು ಒಂದು ಗುಂಪಿನ ಮೇಲೆ ಇನ್ನೊಂದು ಗುಂಪಿನ ವಿಜಯ ಅಂತ ಓದಬೇಡಿ ಅಂದರು. ಲಿಂಗ ಪರಿವರ್ತನೆ ಅನ್ನುವ ಬೇರೆಯೇ ಆಧಾರದ ಮೇಲೆ ಟ್ರಾನ್ಸ್ ಜನರಿಗೆ ಅದೇ ಕಾಯ್ದೆಯಲ್ಲಿ ರಕ್ಷಣೆ ಮುಂದುವರಿಯುತ್ತದೆ ಅಂತಲೂ ತೀರ್ಪು ಬಿಡಿಸಿ ಹೇಳಿತು. ತೀರ್ಪನ್ನು ಸ್ವಾಗತಿಸುವ ಹೇಳಿಕೆಯಲ್ಲಿ ಈ ಎರಡನೇ ಭಾಗವನ್ನೂ ಸೇರಿಸಲು ನಿಮ್ಮ ಜೊತೆಗಾರರು ಒಪ್ಪುತ್ತಾರೆಯೇ ಅಂತ ಕೇಳಿ. ಒಪ್ಪಿದರೆ ಅವರು ಕಾನೂನಿಗಾಗಿ ಬಂದವರು. ಅದನ್ನು ಹೊಡೆದು ಹಾಕಬೇಕು ಅಂದರೆ ಅವರು ಬಂದದ್ದು ಬೇರೆ ಕೆಲಸಕ್ಕೆ. ನಿಮ್ಮ ಸಹಿ ಅದಕ್ಕೆ ಬೇಕಾಗಿಲ್ಲ.

ಕೊನೆಯದಾಗಿ, ಕಾಗದದಲ್ಲಿ ಮುಗಿಯುವ ದಿನ ಇರಲಿ. ಈ ಮೊಕದ್ದಮೆ ಇತ್ಯರ್ಥವಾಗುವವರೆಗೆ, ಅಥವಾ ಈ ಮಸೂದೆ ಮತಕ್ಕೆ ಬರುವವರೆಗೆ, ಅಂತ ಬರೆಯಿರಿ. ತಿದ್ದುಪಡಿ ಬಂದರೆ ಒಪ್ಪಿಗೆ ತಾನಾಗಿ ರದ್ದು, ಮತ್ತೆ ಕೇಳಿ ಪಡೆಯಬೇಕು ಅಂತ ಅದರ ಕೆಳಗೆ ಇನ್ನೊಂದು ಸಾಲು. ಸಫೋಕ್ ಕೌಂಟಿಯಲ್ಲಿ ಕಾಣದೆ ಹೋದದ್ದು ಈ ಸಾಲು.